ಪುಸ್ತಕಕ್ಕೆ ಬರೆದ ಕಾಮಿಕ್ಸ್ ಫೋನಿಗೆ ಹಾಕಿದರೆ ಯಾಕೆ ಸಪ್ಪೆ?

ಮಸಿಕುಡಿಕೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಎರಡು ವರ್ಷ ಕೂತು 24 ಪುಟದ ಒಂದು ಕಾಮಿಕ್ಸ್ ಬರೆದೆ. ಎ5 ಅಳತೆ, ಕಪ್ಪು ಬಿಳುಪು, ಅಲ್ಲಲ್ಲಿ ಒಂದು ನೀಲಿ ಮಾತ್ರ. ಅಚ್ಚು ಹಾಕಿಸಿ ಹಂಚಿಯೂ ಆಯಿತು. ಓದಿದವರೆಲ್ಲ ಒಂದೇ ಜಾಗದ ಬಗ್ಗೆ ಮಾತಾಡಿದರು. ಆ ಜಾಗ ಹೀಗಿದೆ: ಒಬ್ಬ ಹುಡುಗಿ ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದ ಮನೆಗೆ ಬರುತ್ತಾಳೆ. 11ನೇ ಪುಟದ ಕೊನೆ ಪ್ಯಾನೆಲ್‌ನಲ್ಲಿ, ಅಂದರೆ ಕೊನೆ ಚೌಕದ ಚಿತ್ರದಲ್ಲಿ, ಚಿಲಕದ ಮೇಲೆ ಅವಳ ಕೈ ಅಷ್ಟೇ ಕಾಣುತ್ತದೆ. ಹಾಳೆ ತಿರುಗಿಸಿದರೆ 12-13 ಎರಡೂ ಸೇರಿ ಒಂದೇ ಚಿತ್ರ. ಮನೆಯೊಳಗೆ ಗೋಡೆಯಿಂದ ಗೋಡೆಗೆ ನದಿ ಹರಿಯುತ್ತಿದೆ. ಮಾತೇ ಇಲ್ಲ.

ಈಗ ಇದನ್ನು ಫೋನಿನಲ್ಲಿ ಓದುವ ಹಾಗೆ ಮಾಡೋಣ ಅಂತ ಪ್ಯಾನೆಲ್‌ಗಳನ್ನು ಒಂದೊಂದಾಗಿ ಕತ್ತರಿಸಿ, ಒಂದರ ಕೆಳಗೆ ಒಂದು ಜೋಡಿಸಿ, ನಡುವೆ ಎಲ್ಲ ಕಡೆ ಒಂದೇ ಸಮ ಬಿಳಿ ಜಾಗ ಬಿಟ್ಟು ಹಾಕಿದೆ. ಓದಿದ ಗೆಳೆಯ ಒಬ್ಬ "ಚೆನ್ನಾಗಿದೆ, ಬೇಗ ಮುಗಿದುಹೋಯಿತು" ಅಂದ. ನದಿ ನೋಡಿದೆಯಾ ಅಂತ ಕೇಳಿದರೆ "ಯಾವ ನದಿ?" ಅಂದ. ನನಗೆ ಎದೆ ಧಸಕ್ ಅಂತು. ಫೋನ್ ಇಸಕೊಂಡು ನೋಡಿದರೆ ಅವನ ತಪ್ಪೇನೂ ಇಲ್ಲ. 29.7 ಸೆಂ.ಮೀ. ಅಗಲದ ಸ್ಪ್ರೆಡ್, ಅಂದರೆ ಎರಡು ಪುಟ ಸೇರಿದ ಆ ಚಿತ್ರ, ಅಲ್ಲಿ 7 ಸೆಂ.ಮೀ. ಆಗಿದೆ, ಎತ್ತರ 5 ಸೆಂ.ಮೀ. ಕೂಡ ಬರುತ್ತಿಲ್ಲ. ನದಿ ಹೋಗಿ ದಾರದ ಎಳೆ ಆಗಿದೆ. ಅದಕ್ಕಿಂತ ಮೇಲಿನ ಪ್ಯಾನೆಲ್‌ನಲ್ಲಿರುವ ಅವಳ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತದೆ!

ಎರಡಕ್ಕೂ ಒಂದೇ ಸಲ ಹೊಂದುವ ಹಾಗೆ ಬರೆಯೋಕೆ ಆಗುತ್ತಾ? ಇಲ್ಲ ಎರಡು ಸಲ ಬರೆಯಬೇಕಾ? ಮುಂದಿನ ಕತೆ ಶುರು ಮಾಡುವ ಮೊದಲು ಗೊತ್ತಾದರೆ ಒಳ್ಳೆಯದು.

---

ಚೌಕಟ್ಟು

ನಿಮ್ಮ ಗೆಳೆಯನಿಗೆ ನದಿ ಕಾಣದೆ ಇದ್ದದ್ದಕ್ಕೆ ಗಾತ್ರ ಒಂದೇ ಕಾರಣ ಅಲ್ಲ ಅನಿಸುತ್ತದೆ. ಚಿತ್ರ ದೊಡ್ಡದು ಮಾಡಿದರೂ ಅರ್ಧ ಕೆಲಸ ಬಾಕಿ ಇರುತ್ತದೆ.

ಪುಸ್ತಕದಲ್ಲಿ ಓದುಗ ಪುಟವನ್ನು ಎರಡು ಸಲ ನೋಡುತ್ತಾನೆ. ಹಾಳೆ ತಿರುಗಿಸಿದ ಕೂಡಲೇ ಕಣ್ಣು ಇಡೀ ಪುಟವನ್ನು ಒಮ್ಮೆ ಸವರಿಬಿಡುತ್ತದೆ, ಆಮೇಲೆ ಮೊದಲನೇ ಪ್ಯಾನೆಲ್‌ಗೆ ವಾಪಸ್ ಬಂದು ಓದೋಕೆ ಶುರು. ಹಾಗಾಗಿ ಎದುರು ಬದುರಿನ ಪುಟಗಳಲ್ಲಿ ಏನನ್ನೂ ಬಚ್ಚಿಡೋಕೆ ಆಗಲ್ಲ. ಬಚ್ಚಿಡೋಕೆ ಇರುವುದು ಒಂದೇ ಜಾಗ, ಹಾಳೆಯ ಹಿಂದೆ. ನೀವು 11ನೇ ಪುಟದಲ್ಲಿ, ಅಂದರೆ ಬಲಗಡೆ ಪುಟದ ಕೊನೆಗೆ ಚಿಲಕ ಇಟ್ಟಿದ್ದೀರಲ್ಲ, ಅದು ಸರಿಯಾದ ಜಾಗ. ಅದೇ ಚಿಲಕ 10ರಲ್ಲಿದ್ದು ನದಿ 11ರಲ್ಲಿ ಇದ್ದಿದ್ದರೆ ಪುಸ್ತಕದಲ್ಲೂ ಸಪ್ಪೆಯೇ ಆಗುತ್ತಿತ್ತು. ಇದು ಹಳೇ ವಿದ್ಯೆ. 1929ರಲ್ಲಿ ಬೆಲ್ಜಿಯಂನ ಚಿತ್ರಕಾರ ಎರ್ಜೆ ತಮ್ಮ ಟಿನ್‌ಟಿನ್ ಕತೆಯನ್ನು ಪತ್ರಿಕೆಯ ಪುರವಣಿಯಲ್ಲಿ ವಾರಕ್ಕೆ ಎರಡು ಪುಟದ ಹಾಗೆ ಬರೆಯೋಕೆ ಶುರು ಮಾಡಿದಾಗ, ಎರಡನೇ ಪುಟದ ತುದಿಯಲ್ಲಿ ಏನಾದರೂ ಒಂದು ನೇತಾಡುತ್ತಿರಲೇಬೇಕಿತ್ತು. ಓದುಗ ಒಂದು ವಾರ ಕಾಯಬೇಕಲ್ಲ!

ಇನ್ನೊಂದು ವಿಷಯ. ಪುಟದ ಮೇಲೆ ಒಂದು ಪ್ಯಾನೆಲ್ ದೊಡ್ಡದು ಅನಿಸುವುದು ಪಕ್ಕದಲ್ಲಿ ಚಿಕ್ಕದು ಇರುವುದರಿಂದ. 1986-87ರಲ್ಲಿ ಬಂದ 'ವಾಚ್‌ಮೆನ್' ಕಾಮಿಕ್ಸ್‌ನಲ್ಲಿ ಡೇವ್ ಗಿಬ್ಬನ್ಸ್ ಪುಟವನ್ನು ಸಾಲಿಗೆ ಮೂರರಂತೆ ಒಂಬತ್ತು ಚೌಕ ಮಾಡಿಕೊಂಡು ಬರೆಯುತ್ತಾರೆ. ಪುಟದ ಮೇಲೆ ಪುಟ ಅದೇ ಚೌಕ, ಗಡಿಯಾರದ ಟಿಕ್ ಟಿಕ್ ಥರ. ಎಲ್ಲೋ ಒಂದು ಕಡೆ ಮೂರು ಚೌಕ ಸೇರಿಸಿ ಒಂದು ಮಾಡಿದರೆ ಸಾಕು, ಉಸಿರು ನಿಂತ ಹಾಗಾಗುತ್ತದೆ. ಅದನ್ನು ಕತ್ತರಿಸಿ ಫೋನಿಗೆ ಹಾಕುವುದು ಬಹಳ ಸುಲಭ, ಎಲ್ಲ ಒಂದೇ ಅಳತೆ ಅಲ್ವಾ. ಆದರೆ ಟಿಕ್ ಟಿಕ್ ಹೋಯಿತು. ಫೋನಿನಲ್ಲಿ ಚಿಕ್ಕ ಪ್ಯಾನೆಲ್ಲೂ ಪರದೆಯ ಅಗಲಕ್ಕೆ ಹಿಗ್ಗುತ್ತದೆ, ಅಗಲದ ಪ್ಯಾನೆಲ್ ಅದೇ ಅಗಲಕ್ಕೆ ಕುಗ್ಗುತ್ತದೆ. ಅಂದರೆ ನೀವು ಮುಖ್ಯ ಅಂತ ಅಂದುಕೊಂಡಿದ್ದೇ ಅತಿ ಚಿಕ್ಕದಾಗಿ ಕಾಣುತ್ತದೆ. ನಿಮಗೆ ಆಗಿರುವುದು ಅದೇ.

ಎರಡು ಪ್ಯಾನೆಲ್ ನಡುವಿನ ಖಾಲಿ ಸಂದಿನಲ್ಲಿ, ಅದೇ ಗಟರ್‌ನಲ್ಲಿ, ಓದುಗನೇ ಕತೆ ತುಂಬಿಕೊಳ್ಳುತ್ತಾನೆ ಅಂತ ಕಾಮಿಕ್ಸ್ ಚಿತ್ರಕಾರ ಸ್ಕಾಟ್ ಮೆಕ್ಲೌಡ್ ಕಾಮಿಕ್ಸ್ ಬಗ್ಗೆಯೇ ಬರೆದ 1993ರ ತಮ್ಮ ಪುಸ್ತಕದಲ್ಲಿ ಚಿತ್ರ ಬರೆದೇ ವಿವರಿಸಿದ್ದಾರೆ. ಪುಸ್ತಕದಲ್ಲಿ ಆ ಸಂದು ಕೆಲವೇ ಮಿಲಿಮೀಟರ್, ಯಾರೂ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಕ್ರೋಲ್‌ನಲ್ಲಿ, ಅಂದರೆ ಫೋನಿನಲ್ಲಿ ಬೆರಳಿನಿಂದ ಜಾರಿಸುತ್ತಾ ಓದುವ ಉದ್ದ ಪಟ್ಟಿಯಲ್ಲಿ, ಬರೆಯುವವರ ಕೈಯಲ್ಲಿರುವ ಮುಖ್ಯ ಉಪಕರಣವೇ ಅದು. ನೀವು ಎಲ್ಲ ಕಡೆ ಒಂದೇ ಸಮ ಬಿಟ್ಟೆ ಅಂತ ಬರೆದಿದ್ದೀರಿ. ಅಂದರೆ ಇಡೀ ಕತೆಯನ್ನು ಒಂದೇ ದನಿಯಲ್ಲಿ ಗಡಗಡ ಓದಿದ ಹಾಗೆ.

---

ಉದ್ದಪಟ್ಟಿ

ಚೌಕಟ್ಟು ಹೇಳಿದ್ದು ಸರಿ. ನಾನು ಮೂರು ವರ್ಷದಿಂದ ಬರೀ ಸ್ಕ್ರೋಲ್ ಬರೆಯುತ್ತಿದ್ದೇನೆ, ಲೆಕ್ಕ ಹೇಳುತ್ತೇನೆ ಕೇಳಿ.

ವೆಬ್‌ಟೂನ್ ಅನ್ನುವ ಕಾಮಿಕ್ಸ್ ತಾಣದ ಕ್ಯಾನ್ವಾಸ್‌ನಲ್ಲಿ (ಯಾರು ಬೇಕಾದರೂ ಕತೆ ಹಾಕುವ ವಿಭಾಗ) ಒಂದೊಂದು ಚಿತ್ರದ ತುಂಡು 800 ಪಿಕ್ಸೆಲ್ ಅಗಲ, 1280 ಪಿಕ್ಸೆಲ್ ಎತ್ತರ. ಬರೆಯುವಾಗ ನಾನು ಇದರ ಎರಡು ಪಟ್ಟು ಇಟ್ಟುಕೊಂಡು ಆಮೇಲೆ ಇಳಿಸುತ್ತೇನೆ. ಆದರೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಅಂಕಿ ಅದಲ್ಲ. ಅಗಲ 800 ಅಂತ ಇಟ್ಟುಕೊಂಡರೆ ಈಗಿನ ಉದ್ದ ಫೋನುಗಳಲ್ಲಿ ಒಂದು ಸಲಕ್ಕೆ ಸುಮಾರು 1600ರಿಂದ 1700 ಪಿಕ್ಸೆಲ್ ಎತ್ತರ ಕಾಣುತ್ತದೆ. ಅದೇ ನಿಮ್ಮ 'ಪುಟ'. ಆ ಪುಟಕ್ಕೆ ಅಂಚು ಇಲ್ಲ, ಜಾರುತ್ತಲೇ ಇರುತ್ತದೆ.

ಹಾಗಾಗಿ ನಾನು ಮಾಡುವುದು ಇಷ್ಟು. ಇಬ್ಬರು ಮಾತಾಡುತ್ತಿದ್ದಾರೆ, ಪಟಪಟ ಉತ್ತರ ಬರುತ್ತಿದೆ ಅಂದರೆ ನಡುವೆ 100-150 ಬಿಡುತ್ತೇನೆ. ಒಬ್ಬರು ಯೋಚನೆ ಮಾಡಿ ಉತ್ತರ ಕೊಡುತ್ತಿದ್ದರೆ 400. ದೃಶ್ಯ ಬದಲಾದರೆ 800-1000, ಜೊತೆಗೆ ಹಿನ್ನೆಲೆ ಬಣ್ಣವೂ ನಿಧಾನಕ್ಕೆ ಬದಲಾಗಬೇಕು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ನನ್ನ ಅಂದಾಜು. ನಿಮ್ಮ ಚಿಲಕದ ಕೈ ಇದೆಯಲ್ಲ, ಅದು ಪರದೆಯಿಂದ ಪೂರ್ತಿ ಮೇಲೆ ಹೋದ ಮೇಲೇ ನದಿಯ ಮೊದಲ ಗೆರೆ ಕಾಣಬೇಕು. ಅಂದರೆ ನಡುವೆ ಕನಿಷ್ಠ ಒಂದು ಪರದೆ, 1700 ಅಂತ ಇಟ್ಟುಕೊಳ್ಳಿ. ಸುಮ್ನೆ ಬಿಳಿ ಬಿಟ್ಟರೆ ಫೈಲ್ ಲೋಡ್ ಆಗಿಲ್ಲ ಅಂದುಕೊಳ್ಳುತ್ತಾರೆ (ನನಗೆ ಹಾಗೆ ಮೆಸೇಜ್ ಬಂದಿದೆ, ಸತ್ಯವಾಗಿ). ಬಿಳಿಯಿಂದ ಕಪ್ಪಿಗೆ ಇಳಿಸಿ. ಬಾಗಿಲು ತೆರೆದರೆ ಒಳಗೆ ಕತ್ತಲೆ ತಾನೇ.

ಆಮೇಲೆ ನದಿ. ಆ ಸ್ಪ್ರೆಡ್ ಅನ್ನು ಕುಗ್ಗಿಸಬೇಡಿ, ಮರೆತುಬಿಡಿ. ಅಡ್ಡಕ್ಕೆ ಹರಿಯುವುದು ಪುಸ್ತಕದ ಚಲನೆ. ಸ್ಕ್ರೋಲ್‌ಗೆ ಹೇಳಿ ಮಾಡಿಸಿದ್ದು ಬೀಳುವುದು, ಇಳಿಯುವುದು, ಜಾರುವುದು. ಮೊದಲು ಕತ್ತಲಲ್ಲಿ ಮಾಡಿನ ತೊಲೆ ಕಾಣಲಿ, ಅದರ ಕೆಳಗೆ ಗೋಡೆ, ಗೋಡೆ ಮೇಲೆ ತೂಗುಹಾಕಿದ ಒಂದು ಫೋಟೋ, ಅದರ ಅರ್ಧಕ್ಕೆ ನೀರು ಏರಿದ್ದ ಗುರುತು, ಅದರ ಕೆಳಗೆ ಮತ್ತೆ ಗೋಡೆ, ಕೊನೆಗೆ ನೀರು. 4000 ಪಿಕ್ಸೆಲ್ ಉದ್ದ ಇರಲಿ. ಎಷ್ಟು ಇಳಿದರೂ ನೆಲ ಸಿಗುತ್ತಿಲ್ಲ ಅನಿಸಿದಾಗ ನೀರು ಬರಬೇಕು. ಆಗ ನೋಡಿ, ಯಾವ ನದಿ ಅಂತ ಯಾರೂ ಕೇಳಲ್ಲ.

ಒಂದು ಎಚ್ಚರಿಕೆ: ಯಾರಾದರೂ ಮೆಟ್ಟಿಲು ಹತ್ತುವ ದೃಶ್ಯ ಇದ್ದರೆ ಎರಡು ಸಲ ಯೋಚಿಸಿ. ಪಾತ್ರ ಮೇಲೆ ಹೋಗುತ್ತಿರುತ್ತದೆ, ಓದುಗ ಕೆಳಗೆ ಬರುತ್ತಿರುತ್ತಾನೆ. ಒಂದು ಇಡೀ ಎಪಿಸೋಡ್‌ನಲ್ಲಿ ಬೆಟ್ಟ ಹತ್ತಿಸಿ ಬಹಳ ಒದ್ದಾಡಿದ್ದೇನೆ. ಕೊನೆಗೆ ಹತ್ತುವುದನ್ನೆಲ್ಲ ಬಿಟ್ಟು, ಮೇಲೆ ತಲುಪಿದವಳು ಕೆಳಗೆ ನೋಡುವುದು ಮಾತ್ರ ಬರೆದೆ.

---

ತಲೆಹರಟೆ

ಎಲ್ಲರೂ ಸ್ಕ್ರೋಲ್ ಸ್ಕ್ರೋಲ್ ಅಂತ ಒಂದೇ ದಾರಿ ತೋರಿಸುತ್ತಿದ್ದೀರಿ, ನಾನು ಸ್ವಲ್ಪ ಕಡ್ಡಿ ಆಡಿಸುತ್ತೇನೆ.

ಮೊದಲನೆಯದು, ವೆಬ್‌ಕಾಮಿಕ್ ಅಂದರೆ ಉದ್ದ ಪಟ್ಟಿಯೇ ಆಗಬೇಕು ಅಂತ ಎಲ್ಲಿ ಬರೆದಿದೆ? ಪುಟಕ್ಕೆ ಪುಟ ಹಾಕುವ ವೆಬ್‌ಕಾಮಿಕ್‌ಗಳು ಮೊದಲಿಂದಲೂ ಇವೆ. ಮೆಕ್ಲೌಡ್ ಅವರೇ 2000ದಲ್ಲಿ 'ಕೊನೆಯಿಲ್ಲದ ಕ್ಯಾನ್ವಾಸ್' ಅಂತ ಹೇಳಿದರು. ಪರದೆ ಅನ್ನುವುದು ಹಾಳೆ ಅಲ್ಲ, ಕಿಟಕಿ, ಅದರಾಚೆ ಯಾವ ದಿಕ್ಕಿಗೆ ಬೇಕಾದರೂ ಚಿತ್ರ ಹಬ್ಬಲಿ ಅಂತ. 2012ರಲ್ಲಿ ಎಕ್ಸ್‌ಕೆಸಿಡಿ ಅನ್ನುವ ವೆಬ್‌ಕಾಮಿಕ್‌ನ 1110ನೇ ಕಂತಿನಲ್ಲಿ ಕೊನೆ ಪ್ಯಾನೆಲ್ ಅನ್ನು ಹಿಡಿದು ಎಳೆದರೆ ಒಳಗೆ ಒಂದು ಪ್ರಪಂಚವೇ ಇತ್ತು. ಎಡಕ್ಕೆ, ಬಲಕ್ಕೆ, ಆಕಾಶಕ್ಕೆ, ಪಾತಾಳಕ್ಕೆ ಎಳೀತಾ ಹೋಗಬಹುದು. ಇಷ್ಟೆಲ್ಲ ಸ್ವಾತಂತ್ರ್ಯ ಇದ್ದ ಕ್ಯಾನ್ವಾಸ್ ಕೊನೆಗೆ ಹೆಬ್ಬೆರಳಿಗೆ ಅನುಕೂಲ ಅಂತ ಒಂದು ಸಣ್ಣ ಓಣಿ ಆಗಿ ಕೂತಿದೆ. ಓಣಿ ಚೆನ್ನಾಗಿದೆ, ಬೇಡ ಅನ್ನಲ್ಲ. ಊರೆಲ್ಲ ಅದೇ ಅನ್ನಬೇಡಿ.

ಎರಡನೆಯದು, ಸ್ಕ್ರೋಲ್ ಹೊಸದಲ್ಲ. ಜಪಾನಿನ ಎಮಾಕಿ ಸುರುಳಿ ಚಿತ್ರಗಳು 12ನೇ ಶತಮಾನದವು ಈಗಲೂ ಉಳಿದಿವೆ. ಎಡಗೈಯಲ್ಲಿ ಬಿಚ್ಚುತ್ತಾ ಬಲಗೈಯಲ್ಲಿ ಸುತ್ತುತ್ತಾ ಬಲದಿಂದ ಎಡಕ್ಕೆ ನೋಡುವುದು. ಅದೂ ಜಾರುವ ಕಿಟಕಿಯೇ, ಆದರೆ ಅಡ್ಡ! ಉದ್ದಪಟ್ಟಿಯವರೇ, ನದಿ ಅಡ್ಡ ಹರಿದರೂ ಸುರುಳಿಯಲ್ಲಿ ಹಿಡಿಸುತ್ತದೆ. ಆ ಒಂದು ಚಿತ್ರಕ್ಕೆ ಫೋನ್ ಅಡ್ಡ ತಿರುಗಿಸಿ ಅಂತ ಒಂದು ಸಣ್ಣ ಗುರುತು ಹಾಕಿದರೆ ಓದುಗ ಏನು ಸತ್ತುಹೋಗುತ್ತಾನಾ?

ಮೂರನೆಯದು, ಮಸಿಕುಡಿಕೆ ಕೇಳಿದ ಅಸಲು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಎರಡಕ್ಕೂ ಹೊಂದುವ ಹಾಗೆ ಒಂದೇ ಸಲ ಬರೆಯಬಹುದು. ಪ್ರತಿ ಪುಟವನ್ನು ಮೇಲರ್ಧ, ಕೆಳಗರ್ಧ ಅಂತ ಎರಡು ಮಾಡಿಕೊಳ್ಳಿ. ನಡುಗೆರೆಯನ್ನು ಯಾವ ಪ್ಯಾನೆಲ್ಲೂ ಯಾವ ಮಾತಿನ ಬಲೂನೂ ದಾಟಬಾರದು. ಪುಸ್ತಕದಲ್ಲಿ ಒಂದು ಪುಟ, ಪರದೆಯಲ್ಲಿ ಎರಡು ಅರ್ಧ. ಅಮೆರಿಕದ ಪತ್ರಿಕೆಗಳ ಭಾನುವಾರದ ಸ್ಟ್ರಿಪ್‌ಗಳು ಎಷ್ಟೋ ವರ್ಷ ಹೀಗೇ ನಡೆದವು. ಪತ್ರಿಕೆಯವರು ತಮ್ಮ ಜಾಗಕ್ಕೆ ತಕ್ಕಂತೆ ಪ್ಯಾನೆಲ್‌ಗಳನ್ನು ಬೇರೆ ಥರ ಜೋಡಿಸಿಕೊಳ್ಳುತ್ತಿದ್ದರು, ಮೇಲಿನ ಸಾಲನ್ನು ಪೂರ್ತಿ ಕಿತ್ತೂ ಹಾಕುತ್ತಿದ್ದರು. ಕಿತ್ತರೂ ಕತೆ ಕೆಡದ ಹಾಗೆ ಬರೆಯುವುದು ಬರೆಯುವವನ ಹಣೆಬರಹ.

---

ಚೌಕಟ್ಟು

@ತಲೆಹರಟೆ, ಆ ಉದಾಹರಣೆಯನ್ನು ನೀವೇ ತಂದಿದ್ದು ಒಳ್ಳೆಯದಾಯಿತು, ಏಕೆಂದರೆ ಕತೆಯ ಉಳಿದರ್ಧ ನಿಮ್ಮ ವಿರುದ್ಧ ಇದೆ. 'ಕ್ಯಾಲ್ವಿನ್ ಅಂಡ್ ಹಾಬ್ಸ್' ಬರೆದ ಬಿಲ್ ವಾಟರ್‌ಸನ್ ಅದೇ ಕತ್ತರಿ ಕೆಲಸಕ್ಕೆ ಬೇಸತ್ತು, 1992ರಿಂದ ಭಾನುವಾರದ ಅರ್ಧ ಪುಟವನ್ನು ಯಾರೂ ಮುರಿಯಬಾರದು ಅಂತ ಹಟ ಹಿಡಿದು ಪಡೆದುಕೊಂಡರು. ಆಮೇಲಿನ ಭಾನುವಾರಗಳನ್ನು ನೋಡಿ, ಹಿಂದಿನವುಗಳ ಪಕ್ಕ ಇಟ್ಟು ನೋಡಿ. ಎಲ್ಲಿ ಬೇಕೋ ಅಲ್ಲಿ ಪ್ಯಾನೆಲ್ ಹಿಗ್ಗಿದೆ, ಕೆಲವು ಕಡೆ ಗೆರೆಯೇ ಇಲ್ಲ. ಎರಡಕ್ಕೂ ಹೊಂದುವ ಹಾಗೆ ಬರೆದರೆ ಹೊಂದುತ್ತದೆ ನಿಜ. ಆದರೆ ಅರ್ಧ ಪುಟದ ನಡುಗೆರೆ ಒಂದು ಬೇಲಿ, ಅದನ್ನು ದಾಟುವ ಚಿತ್ರ ನಿಮ್ಮ ತಲೆಗೇ ಬರುವುದಿಲ್ಲ.

ಆದರೆ ಒಂದು ಮಾತು ಒಪ್ಪುತ್ತೇನೆ. ಹಾಸ್ಯದ ಕತೆ, ಮಾತೇ ಜಾಸ್ತಿ ಇರುವ ಕತೆ ಆದರೆ ಅರ್ಧ ಪುಟದ ಲೆಕ್ಕ ಸಾಕು.

ಉದ್ದಪಟ್ಟಿಯವರ ಒಂದು ಮಾತಿಗೆ ಮಾತ್ರ ನನ್ನ ತಕರಾರು ಇದೆ. 1700 ಪಿಕ್ಸೆಲ್ ಖಾಲಿ ಬಿಟ್ಟರೆ ಹಾಳೆ ತಿರುಗಿಸಿದ ಹಾಗಾಗುವುದಿಲ್ಲ. ಹಾಳೆ ತಿರುಗಿಸುವುದು ಓದುಗನೇ ಮಾಡುವ ಒಂದು ಕೆಲಸ. ಒಂದು ಕ್ಷಣ ನಿಲ್ಲುತ್ತಾನೆ, ಬೆರಳು ಹಾಳೆಯ ಮೂಲೆ ಹಿಡಿಯುತ್ತದೆ, ಚಿಲಕದ ಮೇಲೆ ಅವಳ ಕೈ, ಹಾಳೆಯ ಮೇಲೆ ಇವನ ಕೈ. ಬಾಗಿಲು ತೆರೆಯುವುದು ಇವನೇ. ಸ್ಕ್ರೋಲ್‌ನಲ್ಲಿ ಗುಟ್ಟು ಒಟ್ಟಿಗೆ ಬಯಲಾಗುವುದಿಲ್ಲ, ಸೋರುತ್ತದೆ. ಮುಂದಿನ ಚಿತ್ರದ ತಲೆ ಕೆಳಗಿನಿಂದ ಇಣುಕಿಬಿಡುತ್ತದೆ.

---

ಉದ್ದಪಟ್ಟಿ

ಸೋರುತ್ತದೆ ಅನ್ನುವುದು ಒಪ್ಪಿದೆ. ಅದನ್ನು ದೋಷ ಅಂತ ನೋಡಬೇಕಾ ಅನ್ನುವುದೇ ಪ್ರಶ್ನೆ. ದೆವ್ವದ ಕತೆ ಬರೆಯುವವರನ್ನು ಕೇಳಿ. ಮೊದಲು ಕೂದಲು ಕಾಣುತ್ತದೆ, ಬೇಡ ಅನಿಸುತ್ತದೆ, ಆದರೂ ಬೆರಳು ಎಳೆಯುತ್ತಲೇ ಇರುತ್ತದೆ. ಹಣೆ, ಆಮೇಲೆ ಕಣ್ಣು ಇರಬೇಕಾದ ಜಾಗ. ಪುಸ್ತಕದಲ್ಲಿ ಇದನ್ನು ಮಾಡಿ ತೋರಿಸಿ ನೋಡೋಣ. ಅಲ್ಲಿ ಪುಟ ತೆರೆದ ಕೂಡಲೇ ಮುಖ ಪೂರ್ತಿ ಕಂಡುಬಿಡುತ್ತದೆ.

ನದಿಗೂ ನಾನು ಹೇಳಿದ್ದು ಅದೇ. ಪುಸ್ತಕದಲ್ಲಿ ಅದು ಒಂದೇ ಏಟು. ಇಲ್ಲಿ ನಿಧಾನಕ್ಕೆ ಮುಳುಗಿಸುವುದು.

---

ಅಚ್ಚುಮೊಳೆ

ನಾನು ಉಲ್ಟಾ ದಾರಿಯಲ್ಲಿ ಬಂದವನು. ಸ್ಕ್ರೋಲ್‌ಗೆ ಬರೆದಿದ್ದನ್ನು ಪುಸ್ತಕ ಮಾಡೋಕೆ ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಮಸಿಕುಡಿಕೆಯವರಿಗೆ ಒಂದೇ ಮಾತು, ಮುಂದಿನ ಕತೆ ಯಾವುದಕ್ಕೆ ಅಂತ ಮೊದಲೇ ತೀರ್ಮಾನ ಮಾಡಿ, ಫೈಲ್ ಮಾತ್ರ ಎರಡಕ್ಕೂ ಆಗುವಷ್ಟು ದೊಡ್ಡದಿರಲಿ.

ನಾನು 800 ಪಿಕ್ಸೆಲ್ ಅಗಲದಲ್ಲೇ ಬರೆದುಬಿಟ್ಟಿದ್ದೆ. ಅಚ್ಚಿಗೆ 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕಿ, ಬೇಕು ಅಂದರು. 800 ಭಾಗಿಸು 300, ಎರಡೂ ಮುಕ್ಕಾಲು ಇಂಚು ಕೂಡ ಇಲ್ಲ. ನನ್ನ ಅಷ್ಟು ದೊಡ್ಡ ಬೆಂಕಿ ಬಿದ್ದ ಕಾಡು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ! ಎ5 ಪುಟಕ್ಕೆ ಸುತ್ತ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಜಾಗ) ಸೇರಿಸಿದರೆ 300 ಡಿಪಿಐಗೆ ಸುಮಾರು 1819 × 2551 ಪಿಕ್ಸೆಲ್ ಬೇಕು. ಗೆರೆಯ ಚಿತ್ರಕ್ಕೆ 600 ಇಟ್ಟರೆ ಇನ್ನೂ ಚೆನ್ನ. ಬಣ್ಣದ ಕತೆ ಬೇರೆ. ಪರದೆಯ ಮೇಲೆ ಹೊಳೆಯುತ್ತಿದ್ದ ನೀಲಿ ಅಚ್ಚಿನ ನಾಲ್ಕು ಮಸಿಗೆ ಇಳಿದಾಗ ಒಗೆದು ಒಗೆದು ಮಾಸಿದ ಬಟ್ಟೆ ಥರ ಬಂತು. ಮೊದಲೇ ಸಿಎಂವೈಕೆಗೆ, ಅಂದರೆ ಆ ನಾಲ್ಕು ಮಸಿಯ ಲೆಕ್ಕಕ್ಕೆ, ಬದಲಾಯಿಸಿ ನೋಡದೆ ಇದ್ದದ್ದು ನನ್ನದೇ ತಪ್ಪು.

ಇವೆಲ್ಲ ಹೇಗೋ ಸರಿ ಮಾಡಬಹುದು. ಸರಿ ಮಾಡೋಕೆ ಆಗದೆ ಇದ್ದದ್ದು ಖಾಲಿ ಜಾಗ. ನನ್ನ ಕತೆಯಲ್ಲಿ ತಂದೆ ಫೋನ್ ಇಟ್ಟ ಮೇಲೆ ಮಗ ಏನೂ ಮಾತಾಡುವುದಿಲ್ಲ. ಸ್ಕ್ರೋಲ್‌ನಲ್ಲಿ ಅಲ್ಲಿ 1500 ಪಿಕ್ಸೆಲ್ ಬೂದು ಬಣ್ಣ ಬಿಟ್ಟಿದ್ದೆ, ನಡುವೆ ಫೋನಿನ ಒಂದು ವೈರ್ ಮಾತ್ರ ಇಳಿದು ಬರುತ್ತಿತ್ತು. ಪುಟದ ಮೇಲೆ ಅದನ್ನು ಹಾಗೇ ಇಟ್ಟರೆ ಅಚ್ಚು ತಪ್ಪಿದೆ ಅನ್ನುವ ಹಾಗೆ ಕಾಣುತ್ತಿತ್ತು. ತೆಗೆದರೆ ಮಗ ತಕ್ಷಣ ಎದ್ದು ಹೋದ ಹಾಗಾಗುತ್ತಿತ್ತು. ಎರಡು ವಾರ ಒದ್ದಾಡಿ ಕೊನೆಗೆ ಆ ಬೂದು ಜಾಗವನ್ನು ಮೂರು ಸಣ್ಣ ಪ್ಯಾನೆಲ್ ಮಾಡಿದೆ: ಮೇಜಿನ ಅಂಚು, ತಣ್ಣಗಾದ ಲೋಟ, ಮೇಜಿನ ಅಂಚು. ಅದೇ ಅಂಚು ಎರಡು ಸಲ ಬಂದಿದ್ದಕ್ಕೆ ಹೊತ್ತು ಹೋಯಿತು ಅಂತ ಓದುಗನಿಗೆ ತಿಳಿಯಿತು. ಸ್ಕ್ರೋಲ್‌ನಲ್ಲಿ ಹೊತ್ತು ಅಂದರೆ ದೂರ. ಪುಟದಲ್ಲಿ ಹೊತ್ತನ್ನು ಚಿತ್ರ ಮಾಡಿ ಬರೆಯಬೇಕು.

ಇನ್ನು ಲೆಟರಿಂಗ್, ಅಂದರೆ ಬಲೂನಿನಲ್ಲಿ ಅಕ್ಷರ ಕೂರಿಸುವುದು. ಯಾರೂ ಹೇಳಲಿಲ್ಲ, ಆದರೆ ಕನ್ನಡದಲ್ಲಿ ಬರೆಯುವವರಿಗೆ ಇದೇ ದೊಡ್ಡ ತಲೆನೋವು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಎಲ್ಲ ಒಂದೇ ಎತ್ತರ, ಸಾಲುಗಳನ್ನು ಒತ್ತಿ ಒತ್ತಿ ಕೂರಿಸಬಹುದು. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಸಾಲು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಗುದ್ದುತ್ತದೆ. ಪದಗಳೂ ಉದ್ದ. 'ಹೋಗಬೇಕಾಗಿತ್ತಲ್ವಾ' ಅನ್ನುವ ಒಂದೇ ಪದ ಸಣ್ಣ ಬಲೂನಿನ ಹೊಟ್ಟೆ ಒಡೆಯುತ್ತದೆ. ಪುಸ್ತಕದ ಮೂರು ಪ್ಯಾನೆಲ್ ಸಾಲಿನಲ್ಲಿ ಇದು ನರಕ. ಸ್ಕ್ರೋಲ್‌ನಲ್ಲಿ ಮಾತ್ರ ವರ, ಏಕೆಂದರೆ ಬಲೂನನ್ನು ಪ್ಯಾನೆಲ್‌ನಿಂದ ಹೊರಗೆ ತಂದು ಖಾಲಿ ಸಂದಿನಲ್ಲೇ ತೇಲಿ ಬಿಡಬಹುದು. ಹಾಗಾಗಿ ಫೈಲಿನಲ್ಲಿ ಬಲೂನ್ ಬೇರೆ ಲೇಯರ್ (ಪದರ), ಅಕ್ಷರ ಇನ್ನೊಂದು ಲೇಯರ್, ಬಲೂನಿನ ಹಿಂದೆಯೂ ಚಿತ್ರ ಪೂರ್ತಿ ಬರೆದಿರಬೇಕು. ಸೋಮಾರಿತನ ಮಾಡಿ ಬಲೂನ್ ಹಿಂದೆ ಖಾಲಿ ಬಿಟ್ಟಿದ್ದೆ. ಪುಸ್ತಕಕ್ಕೆ ಬಲೂನ್ ಸರಿಸಿದಾಗ ಒಬ್ಬನಿಗೆ ಅರ್ಧ ಭುಜವೇ ಇರಲಿಲ್ಲ.

---

ತಲೆಹರಟೆ

ಭುಜ ಇಲ್ಲದವನ ಪುಸ್ತಕ ನನಗೊಂದು ಬೇಕು.

ಅಂದಹಾಗೆ ಒಂದು ವಿಷಯದಲ್ಲಿ ಸ್ಕ್ರೋಲ್‌ನವರು ಅದೃಷ್ಟವಂತರು. ಪುಟದಲ್ಲಿ ಎಡಗಡೆ ಎರಡು ಪ್ಯಾನೆಲ್ ಒಂದರ ಮೇಲೊಂದು, ಬಲಗಡೆ ಒಂದು ಉದ್ದ ಪ್ಯಾನೆಲ್ ಇಟ್ಟರೆ, ಮೊದಲನೆಯದು ಓದಿ ಬಲಕ್ಕೆ ಹೋಗಬೇಕಾ ಕೆಳಕ್ಕೆ ಇಳಿಯಬೇಕಾ ಅನ್ನುವ ಗೊಂದಲ. ನೀಲ್ ಕೋನ್ ಅನ್ನುವ ಸಂಶೋಧಕರು ಖಾಲಿ ಪ್ಯಾನೆಲ್‌ಗಳ ಪುಟ ಕೊಟ್ಟು ಜನರ ಕೈಲಿ ನಂಬರ್ ಹಾಕಿಸಿ ನೋಡಿದ್ದಾರೆ. ಇಂಥ ಕಡೆ ಹೆಚ್ಚಿನವರು ಕೆಳಕ್ಕೇ ಇಳಿಯುತ್ತಾರೆ. ಓಣಿಯಲ್ಲಿ ಆ ಪ್ರಶ್ನೆಯೇ ಇಲ್ಲ, ದಾರಿ ಒಂದೇ.

---

ಮಸಿಕುಡಿಕೆ

ಎಲ್ಲರಿಗೂ ಥ್ಯಾಂಕ್ಸ್. ವಾರ ಆಯಿತು, ಸುಮ್ಮನೆ ಕೂತಿರಲಿಲ್ಲ.

ಚಿಲಕದಿಂದ ನದಿಯವರೆಗಿನ ಭಾಗ ಮಾತ್ರ ತೆಗೆದುಕೊಂಡು ಮೂರು ಥರ ಮಾಡಿದೆ. ಒಂದು, ತಲೆಹರಟೆ ಹೇಳಿದ ಹಾಗೆ ಸ್ಪ್ರೆಡ್ ಅನ್ನು ಅಡ್ಡ ತಿರುಗಿಸಿ ಇಟ್ಟೆ. ಕೊಟ್ಟ ನಾಲ್ಕು ಜನರಲ್ಲಿ ಒಬ್ಬರೂ ಫೋನ್ ತಿರುಗಿಸಲಿಲ್ಲ, ಎಲ್ಲರೂ ಕತ್ತು ತಿರುಗಿಸಿದರು! ಎರಡು, ಪುಟಗಳನ್ನು ಹಾಗೇ ಹಾಕಿ ಒಂದೊಂದಾಗಿ ಸರಿಸುವುದು. ಪರವಾಗಿಲ್ಲ, ಆದರೆ ಅಕ್ಷರ ಓದೋಕೆ ಹಿಗ್ಗಿಸಬೇಕು, ಹಿಗ್ಗಿಸಿದರೆ ಪುಟ ತಪ್ಪಿಹೋಗುತ್ತದೆ.

ಮೂರನೆಯದು ಹೊಸದಾಗಿ ಬರೆದೆ. ಚಿಲಕದ ಕೆಳಗೆ ಕಪ್ಪು, 1700ಕ್ಕೆ ಹೆದರಿ 1400 ಮಾಡಿದೆ. ತೊಲೆ, ಗೋಡೆ, ಫೋಟೋ. ಫೋಟೋದಲ್ಲಿ ಯಾರಿದ್ದಾರೆ ಅಂತ ಪುಸ್ತಕದಲ್ಲಿ ನಾನು ಯೋಚನೆಯನ್ನೇ ಮಾಡಿರಲಿಲ್ಲ, ಅಲ್ಲಿ ಫೋಟೋ ಇರಲೇ ಇಲ್ಲ. ಈಗ ಆ ಹುಡುಗಿಯ ಚಿಕ್ಕಂದಿನ ಚಿತ್ರ ಹಾಕಿದ್ದೇನೆ, ಕತ್ತಿನವರೆಗೆ ನೀರಿನ ಕಲೆ. ಅದೇ ಮೊದಲಿನ ಗೆಳೆಯನಿಗೆ ಕೊಟ್ಟು ಮುಖ ನೋಡದೆ ಅವನ ಹೆಬ್ಬೆರಳನ್ನೇ ನೋಡುತ್ತಾ ಕೂತೆ. ಕಪ್ಪಿನಲ್ಲಿ ಸರಸರ ಹೋದ. ತೊಲೆ ಬಂದಾಗಲೂ ನಿಲ್ಲಲಿಲ್ಲ. ಫೋಟೋ ಹತ್ತಿರ ನಿಂತ. ಸ್ವಲ್ಪ ಮೇಲಕ್ಕೆ ಹೋದ, ಮತ್ತೆ ಕೆಳಕ್ಕೆ ಬಂದ. ಆಮೇಲೆ ಬಹಳ ನಿಧಾನ ಮಾಡಿದ.

ಒಂದು ಸಮಸ್ಯೆ. ನೀರಿನ ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಕಾಗದದ ದೋಣಿ ಇಟ್ಟಿದ್ದೆ, ಮುಂದಿನ ಕತೆಗೆ ಅದು ಬೇಕು. ಅದನ್ನು ಅವನು ನೋಡಲೇ ಇಲ್ಲ. ಪುಸ್ತಕದಲ್ಲಿ ಅದೇ ಮೂಲೆಯಲ್ಲಿ ಎಲ್ಲರಿಗೂ ಕಂಡಿತ್ತು.

---

ಉದ್ದಪಟ್ಟಿ

ಬಲಗೈಯಲ್ಲಿ ಫೋನ್ ಹಿಡಿದಿದ್ದನಾ? ಹಾಗಿದ್ದರೆ ದೋಣಿ ಅವನ ಹೆಬ್ಬೆರಳಿನ ಅಡಿಯಲ್ಲೇ ಇತ್ತು. ಎಡಕ್ಕೆ ಸರಿಸಿ, ಸ್ವಲ್ಪ ಮೇಲೂ ತನ್ನಿ. ದೋಣಿಯ ಕೆಳಗೆ ಇನ್ನೂ 600 ಪಿಕ್ಸೆಲ್ ನೀರು ಇರಲಿ, ಇಲ್ಲದಿದ್ದರೆ ಪಟ್ಟಿ ಮುಗಿದ ಜಾಗದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ.

---

ಅಚ್ಚುಮೊಳೆ

ಆ ಫೋಟೋವನ್ನು ಪುಸ್ತಕದ ಮುಂದಿನ ಮುದ್ರಣಕ್ಕೂ ಸೇರಿಸಿ ಸ್ವಾಮಿ. 12ರ ಎಡ ಗೋಡೆ ಖಾಲಿ ಇದೆ ಅಲ್ವಾ?